ಆಫ್ರಿಕಾದ ಹಾವಿಗೆ ತನಿ ಎರೆದದ್ದು

ಬಾಳಿನ ಸಂಜೆಯಲ್ಲಿ ಮನುಷ್ಯನು ಮಾತಿಲ್ಲದ ಜೀವವೊಂದನ್ನು ಹತ್ತಿರ ಇಟ್ಟುಕೊಳ್ಳುವುದು, ತಾನು ಇಷ್ಟು ಕಾಲ ಆಡಿದ ಮಾತುಗಳಿಂದ ಯಾರಿಗೂ ಏನೂ ಆಗಲಿಲ್ಲವೆಂಬ ಅರಿವು ಮೂಡಿದ ಮೇಲೆ. ಇದು ಗಂಭೀರವಾಗಿ ಯೋಚಿಸತಕ್ಕ ವಿಷಯ. ನನಗೆ ಮಾತ್ರ ಅಂಥ ಅರಿವೇನೂ ಮೂಡಿರಲಿಲ್ಲ. ಜೆ.ಪಿ. ನಗರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಮದುವೆ ಗೊತ್ತಾಯಿತು, ಅಷ್ಟೆ.

ಅವನು ಒಂದು ಬೆಳಿಗ್ಗೆ ಬನಶಂಕರಿಯ ನಮ್ಮ ಮನೆಗೆ ಎರಡು ಬಟ್ಟೆಚೀಲ ಹಿಡಿದುಕೊಂಡು ಬಂದ. ಚೀಲಗಳ ಬಾಯಿಗೆ ಗಂಟು ಹಾಕಿತ್ತು. ಕಡಲೆಕಾಯಿ ತಂದಿದ್ದಾನೆಂದು ಭಾವಿಸಿ ನಾನು ಸಂತೋಷದಿಂದಲೇ ಬಾಗಿಲು ತೆರೆದೆ.

“ಸಾರ್, ಹುಡುಗಿ ‘ಹಾವೋ ನಾನೋ’ ಅಂದ್ಬಿಟ್ಲು,” ಎಂದ.

“ನೀನೇನಂದೆ?”

“ಯೋಚ್ನೆ ಮಾಡೋಕೆ ಒಂದಿನ ಟೈಮ್ ಕೇಳ್ದೆ ಸಾರ್. ಅದೇ ತಪ್ಪಾಗ್ಹೋಯ್ತು. ಈಗ ಮೀನೂ ಇರ್ಬಾರ್ದು ಅಂತಿದಾಳೆ.”

“ಅದಕ್ಕೆ?”

“ಇವೆರಡನ್ನ ನೀವಿಟ್ಕೊಳಿ ಸಾರ್. ಆಫ್ರಿಕಾದ ಹಸಿರು ಮರಹಾವು. ಇಲ್ಲೇ ಮೊಟ್ಟೆ ಒಡೆದು ಹುಟ್ಟಿದ್ದು, ಬೆಂಗಳೂರಿನವೇ. ವಿಷ ಇಲ್ಲ. ಕೊಬ್ಬು ಮಾತ್ರ ಇದೆ.”

ನಾನು ಭೂಗೋಳದ ಮೇಷ್ಟರಾಗಿದ್ದವನು. ಸೀಮೆಸುಣ್ಣ ಎತ್ತದೆ ಒಂದೇ ಗೆರೆಯಲ್ಲಿ ಆಫ್ರಿಕಾ ಖಂಡವನ್ನು ಕಪ್ಪುಹಲಗೆಯ ಮೇಲೆ ಬಿಡಿಸುತ್ತಿದ್ದೆ. ಮುಂದಿನ ಪಿರಿಯಡ್ಡಿನ ಗಣಿತದ ಮೇಷ್ಟರು ಅದನ್ನು ಒರೆಸಿಹಾಕುತ್ತಿದ್ದರು. ಕಾಂಗೋ ನದಿಯ ಮಳೆಕಾಡಿನ ಬಗ್ಗೆ ಅಲ್ಲಿಯೇ ಹುಟ್ಟಿ ಬೆಳೆದವನಂತೆ ಪಾಠ ಹೇಳಿದವನು, ತಲಘಟ್ಟಪುರದಿಂದ ಆಚೆಗೆ ಕಾಡೆಂಬುದನ್ನು ಕಂಡವನಲ್ಲ. ಇಷ್ಟು ವರ್ಷಗಳ ಮೇಲೆ ಆ ಖಂಡದ ಕಡೆಯಿಂದ ಯಾರೋ ನನ್ನನ್ನು ವಿಚಾರಿಸಿಕೊಂಡು ಬಂದ ಹಾಗಾಯಿತು. ಮದುವೆಯಾಗದೆ ಉಳಿದ ನನ್ನ ಮನೆಯಲ್ಲಿ ‘ಹಾವೋ ನಾನೋ’ ಎನ್ನುವವರು ಯಾರೂ ಇರಲಿಲ್ಲ. ಅಕ್ಕ ಇದ್ದಳು, ಆದರೆ ಅವಳಿದ್ದದ್ದು ಹೊಸಕೆರೆಹಳ್ಳಿಯಲ್ಲಿ. ಹೊರದೇಶದ ಪ್ರಾಣಿ ಸಾಕುವವರು ಸರ್ಕಾರಕ್ಕೆ ತಿಳಿಸಬೇಕಾದ್ದನ್ನು ಅವನು ತಿಳಿಸಿದ, ನಾನೂ ತಿಳಿಸಿದೆ. ಸರ್ಕಾರ ಸುಮ್ಮನಿತ್ತು.

ಹಿಂದಿನ ಕೋಣೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ಹಳೆಯ ಭೂಪಟಗಳನ್ನು ಅಟ್ಟಕ್ಕೆ ಹಾಕಿ ಅಲ್ಲಿ ಗಾಜಿನ ಪೆಟ್ಟಿಗೆಯನ್ನು ನಿಲ್ಲಿಸಿದೆವು. ಎದೆಯುದ್ದದ ಪೆಟ್ಟಿಗೆ, ಒಳಗೆ ಸೀಬೆಮರದ ಒಣಕೊಂಬೆ, ಅದಕ್ಕೆ ಹಬ್ಬಿಸಿದ ಮನಿಪ್ಲಾಂಟು, ಮೂಲೆಯಲ್ಲಿ ಕಾವು ಕೊಡುವ ಬಲ್ಬು. ಹಾವುಗಳು ಕಿರುಬೆರಳಿನ ದಪ್ಪ, ಬಾಳೆಯ ಎಳೆಸುಳಿಯ ಬಣ್ಣ. ಪರೀಕ್ಷೆಯ ದಿನ ಮೊದಲ ಬೆಂಚಿನಲ್ಲಿ ಕಾಣುವಂಥ ದೊಡ್ಡ ದುಂಡು ಕಣ್ಣು. ಒಂದು ಗಂಡು, ಒಂದು ಹೆಣ್ಣು. ಎಲೆಗಳ ನಡುವೆ ಅವು ಸುಮ್ಮನಿದ್ದರೆ ಹಾವೆಲ್ಲಿ, ಬಳ್ಳಿಯೆಲ್ಲಿ ಎಂದು ಗುರುತಿಸುವುದರಲ್ಲೇ ನನ್ನ ಬೆಳಗು ಕಳೆಯುತ್ತಿತ್ತು. ನಿವೃತ್ತರಿಗೆ ಇದು ಬಹಳ ಒಳ್ಳೆಯ ಉದ್ಯೋಗ.

ತಟ್ಟೆಯಲ್ಲಿಟ್ಟ ನೀರನ್ನು ಅವು ನೀರೆಂದೇ ಒಪ್ಪುತ್ತಿರಲಿಲ್ಲ. ಮರದ ಮೇಲೆ ಬಾಳಿದ ಕುಲ. ಎಲೆಯ ಮೇಲಿನ ಹನಿಯೇ ಅವಕ್ಕೆ ನೀರು. ಇಸ್ತ್ರಿಯವರು ಬಟ್ಟೆಗೆ ನೀರು ಹೊಡೆಯುವಂಥ ಸ್ಪ್ರೇ ಬಾಟಲಿಯಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಲೆಗಳಿಗೆ ಹೊಡೆದರೆ, ಕೊಂಬೆಯಿಂದ ಕೊಂಬೆಗೆ ಸರಿಯುತ್ತ ಒಂದೊಂದೇ ಹನಿಯನ್ನು ಹೀರುತ್ತಿದ್ದವು. ತಪ್ಪಿದರೆ ಬಾಯಾರಿಕೊಂಡೇ ಇರುತ್ತಿದ್ದವು; ತಟ್ಟೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇಂಥ ಹಟವನ್ನು ನಾನು ನಮ್ಮ ಮನೆತನದ ಹೊರಗೆ ಕಂಡಿರಲಿಲ್ಲ.

ಊಟದ ವಿಷಯ ಇನ್ನೂ ಕಷ್ಟದ್ದು. ಅವುಗಳ ಪೂರ್ವಿಕರು ತಿಂದದ್ದು ಹಲ್ಲಿ ಮತ್ತು ಕಪ್ಪೆ. ನನಗೆ ಶಿಷ್ಯ ತಂದುಕೊಡುತ್ತಿದ್ದದ್ದು ಕಣ್ಣು ಬಿಡದ ಇಲಿಮರಿ. ಸತ್ತು, ಹಿಮಗಟ್ಟಿ, ಸ್ಟೀಲಿನ ಡಬ್ಬಿಯಲ್ಲಿ ನನ್ನ ಫ್ರಿಜ್ಜಿನ ಮೇಲಿನ ಅರೆಯಲ್ಲಿ ಇರುವಂಥದು. ಈ ಸಂಗತಿ ತಿಳಿದ ದಿನದಿಂದ ಅಕ್ಕ ನಮ್ಮ ಮನೆಯಲ್ಲಿ ತಣ್ಣೀರು ಕುಡಿಯುವುದನ್ನು ಬಿಟ್ಟಳು. ಇಲಿಯನ್ನು ಹಲ್ಲಿಯೆಂದು ಹಾವಿಗೆ ನಂಬಿಸುವ ವಿದ್ಯೆಯನ್ನು ಶಿಷ್ಯ ನನಗೆ ಕಲಿಸಿದ. ಟ್ಯೂಬ್‌ಲೈಟಿನ ಹಿಂದಿನ ಹಲ್ಲಿಯೊಂದನ್ನು ನೋಯದ ಹಾಗೆ ಹಿಡಿದು, ಹಿಮ ಬಿಟ್ಟು ಬೆಚ್ಚಗಾದ ಇಲಿಮರಿಯನ್ನು ಅದರ ಮೈಗೆ ಚೆನ್ನಾಗಿ ಉಜ್ಜಿ, ಹಲ್ಲಿಯನ್ನು ಮತ್ತೆ ಗೋಡೆಗೆ ಬಿಡಬೇಕು. ವಾಸನೆ ಇಲಿಗೆ ಬರುತ್ತದೆ. ಹಲ್ಲಿಗೆ ಅವಮಾನ ಬಿಟ್ಟರೆ ಬೇರೆ ತೊಂದರೆಯಿಲ್ಲ. ಹಲ್ಲಿ ಮನುಷ್ಯನ ಯಾವ ಅಂಗದ ಮೇಲೆ ಬಿದ್ದರೆ ಯಾವ ಫಲವೆಂದು ಪಂಚಾಂಗದಲ್ಲಿ ವಿವರವಾಗಿ ಕೊಟ್ಟಿದ್ದಾರೆ; ಮನುಷ್ಯ ಹಲ್ಲಿಯ ಮೇಲೆ ಬಿದ್ದರೆ ಹಲ್ಲಿಗೆ ಏನು ಫಲವೆಂದು ಯಾವ ಪಂಚಾಂಗಕರ್ತನೂ ಯೋಚಿಸಿಲ್ಲ. ಆಮೇಲೆ ಉದ್ದನೆಯ ಚಿಮಟದ ತುದಿಯಲ್ಲಿ ಇಲಿಮರಿಯನ್ನು ಹಿಡಿದು, ಎಲೆಗಳ ಸಂದಿಯಲ್ಲಿ ಗೋಡೆಯ ಮೇಲೆ ಹಲ್ಲಿ ಓಡುವಂತೆ ಓಡಿಸಬೇಕು; ನಿಂತು, ಓಡಿ, ನಿಂತು, ಓಡಿ. ಅಲುಗದ್ದನ್ನು ಅವು ಆಹಾರವೆಂದು ಪರಿಗಣಿಸುವುದಿಲ್ಲ. ತೋಳು ಸೋತು ಮರಗಟ್ಟುವವರೆಗೂ ನಾನು ಹಲ್ಲಿಯಾಗಿರುತ್ತಿದ್ದೆ.

ಹೆಣ್ಣು ಕೊನೆಗೂ ಮೋಸ ಹೋಯಿತು. ಬಾಯಿ ಹಾಕಿತು, ಯೋಚಿಸಿತು, ನುಂಗಿತು. ಆ ದಿನ ನಾನು ಜಯನಗರದವರೆಗೆ ನಡೆದುಹೋಗಿ ಒಬ್ಬನೇ ಮಸಾಲೆದೋಸೆ ತಿಂದು ಬಂದೆ. ಗಂಡು ಮೋಸ ಹೋಗಲಿಲ್ಲ. ಚಿಮಟದತ್ತ ನೋಡುವುದು, ನನ್ನತ್ತ ನೋಡುವುದು, ಮುಖ ತಿರುಗಿಸುವುದು. ಬರಬರುತ್ತ ಕೊಂಬೆಯಿಂದ ಇಳಿದು ಪೆಟ್ಟಿಗೆಯ ನೆಲದ ಮೇಲೆ ಮಲಗತೊಡಗಿತು. ಮರಹಾವು ನೆಲಕ್ಕಿಳಿದರೆ ಅದರ ಅರ್ಥವೇನೆಂದು ನನಗಾಗ ತಿಳಿದಿರಲಿಲ್ಲ. ಅದು ಸತ್ತು ತಿಳಿಸಿತು. ಹಿತ್ತಲಿನ ದಾಸವಾಳದ ಬುಡದಲ್ಲಿ ಗುಂಡಿ ತೋಡಿ ಮಣ್ಣು ಮಾಡಿದೆ.

ಅಕ್ಕ ಭಾನುವಾರ ಭಾನುವಾರ ಸಾರಿನಪುಡಿಯ ನೆಪದಲ್ಲಿ ನನ್ನ ಮನೆಯನ್ನು ತಪಾಸಣೆ ಮಾಡಲು ಬರುವವಳು. ಅಮ್ಮ ಬೇಗ ಹೋದದ್ದರಿಂದ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳೇ ಅವಳು. ಆ ಅಧಿಕಾರವನ್ನು ಈಗಲೂ ಬಿಟ್ಟುಕೊಟ್ಟಿಲ್ಲ. ಹಸಿರು ಹಾವು ನೇರವಾಗಿ ಕಣ್ಣಿಗೇ ಹಾರಿ ಕುಕ್ಕುತ್ತದೆಂದು ಯಾರೋ ಹೇಳಿದ್ದರಿಂದ, ಕಣ್ಣಿನ ಪೊರೆ ತೆಗೆಸಿಕೊಂಡಾಗ ಆಸ್ಪತ್ರೆಯಲ್ಲಿ ಕೊಟ್ಟಿದ್ದ ದೊಡ್ಡ ಕಪ್ಪು ಕನ್ನಡಕವನ್ನು ಹಾಕಿಕೊಂಡೇ ಹಾವಿನ ಕೋಣೆಗೆ ಬರುತ್ತಿದ್ದಳು. ಆ ಭಾನುವಾರವೂ ಹಾಗೆಯೇ ನಿಂತು ಪೆಟ್ಟಿಗೆಯೊಳಗೆ ಇಣುಕಿದಳು.

“ಒಂದೇ ಇದೆಯಲ್ಲೋ?”

“ಇನ್ನೊಂದು ಹೋಯ್ತು.”

“ಹೋಯ್ತು ಅಂದ್ರೆ? ಎಲ್ಲಿಗೆ?” ಸೀರೆಯನ್ನು ತುಸು ಎತ್ತಿ ಕಾಲ ಬಳಿ ನೋಡಿಕೊಂಡಳು.

“ಸತ್ತೋಯ್ತು ಕಣೆ. ದಾಸವಾಳದ ಬುಡದಲ್ಲಿದೆ.”

ಅಕ್ಕ ಕನ್ನಡಕ ತೆಗೆದಳು. “ಸಂಸ್ಕಾರ?”

“ಮಣ್ಣು ಮುಚ್ಚಿದೆ. ಪಕ್ಕದ್ಮನೆ ಬೆಕ್ಕು ಕೆದಕದೇ ಇರ್ಲಿ ಅಂತ ಮೇಲೊಂದು ಕಲ್ಲಿಟ್ಟೆ.”

“ನಾಗಪ್ಪನ್ನ ಹಾಗೇ ಮಣ್ಣು ಮಾಡಿದ್ಯಾ? ತುಪ್ಪ ಇಲ್ಲ, ಗಂಧ ಇಲ್ಲ, ಬಾಯಿಂದ ಒಂದು ಮಂತ್ರ ಇಲ್ಲ…”

“ಅದು ಆಫ್ರಿಕಾದ್ದು ಅಕ್ಕ. ಅದಕ್ಕೆ ಸಂಸ್ಕೃತ ಬರಲ್ಲ.”

“ನಿಂಗೆ ಬರತ್ತಾ? ನೀನು ಸತ್ರೆ ಹೇಳಿಸಲ್ವಾ?”

ಅಷ್ಟರಲ್ಲಿ ಪೆಟ್ಟಿಗೆಯೊಳಗಿನ ಹೆಣ್ಣು, ನಮ್ಮ ಗದ್ದಲಕ್ಕೆ ರೇಗಿ, ತನ್ನ ಜಾತಿಯ ಅಭ್ಯಾಸದಂತೆ ಕತ್ತನ್ನು ಉಬ್ಬಿಸಿತು. ಹುರುಪೆಗಳ ನಡುವೆ ನೀಲಿ ಚರ್ಮ ಕಾಣಿಸಿತು. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದಳು. “ನೋಡೋ, ಹೆಡೆ ಬಿಚ್ಚಿದ. ಅವನಿಗೆ ಕೋಪ ಬಂದಿದೆ.” ಅದು ಹೆಣ್ಣು, ಅದು ಹೆಡೆಯಲ್ಲ, ಎಂದು ಹೇಳಿದೆ. ನಾಗಪ್ಪನಿಗೆ ಕೋಪ ಬಂದಿದೆ ಎನ್ನುವವರಿಗೆ ಹೇಳಿ ಪ್ರಯೋಜನವಿರುವ ಮಾತುಗಳಲ್ಲ ಅವು.

ಒಂಟಿಯಾದ ಹೆಣ್ಣಿಗೆ ಬೆಳಗಿನ ಬಿಸಿಲು ಸಿಗಲೆಂದು ಗಾಜಿನ ಪೆಟ್ಟಿಗೆಯನ್ನು ಕಿಟಕಿಯ ಬಳಿಗೆ ನಾನೊಬ್ಬನೇ ಎತ್ತಿ ಸರಿಸಿದೆ. ತೊಡೆಸಂದಿಯಲ್ಲಿ ಏನೋ ಬಿಟ್ಟುಕೊಂಡ ಹಾಗಾಯಿತು. ಹರ್ನಿಯಾ ಎಂದರು ಡಾಕ್ಟರು. ದಾಸವಾಳದ ಬುಡ ಎಂದಳು ಅಕ್ಕ. ಕತ್ತರಿಸಿ ಹೊಲಿಯುವುದೆಂದು ತೀರ್ಮಾನವಾಯಿತು. ಅದರ ದಿನವನ್ನು ನಿಗದಿ ಮಾಡಿದವರು ಡಾಕ್ಟರು. ಅವರ ಡೈರಿಯಲ್ಲಿ ಶ್ರಾವಣಮಾಸ ಇರಲಿಲ್ಲ.

ಅಕ್ಕನಿಗೆ ಹೆದರಿಕೆಯಾಗಿತ್ತು. ಅದನ್ನು ನಾನು ಇಲ್ಲವೆನ್ನುವುದಿಲ್ಲ. “ಅಪ್ಪನೂ ಇದಕ್ಕೇ ಹೋಗಿದ್ದು. ಅಪ್ಪನೂ ಎರಡು ದಿನ ಅಂತಲೇ ಹೇಳಿ ಹೋಗಿದ್ದು,” ಎಂದಳು. ಅಪ್ಪ ವಾಪಸು ಬಂದಿರಲಿಲ್ಲ. ನನ್ನ ಮನೆ ನೋಡಿಕೊಳ್ಳಲು ಬಟ್ಟೆ, ಪೂಜಾಸಾಮಗ್ರಿ ಎಲ್ಲ ತುಂಬಿಕೊಂಡು ಆಟೋದಲ್ಲಿ ಬಂದಿಳಿದಳು. ನನಗಿದ್ದದ್ದು ಒಂದೇ ಚಿಂತೆ. ಶಿಷ್ಯ ಆಫೀಸಿನ ಕೆಲಸದ ಮೇಲೆ ಮೈಸೂರಿನಲ್ಲಿದ್ದ, ಪಂಚಮಿ ಹಬ್ಬದ ಹೊತ್ತಿಗೆ ವಾಪಸು ಬರುವವನು. ಹಾವು ಅಲ್ಲಿಯವರೆಗೂ ಅಕ್ಕನ ಕೈಯಲ್ಲಿರಬೇಕು.

“ಊಟದ ಗೊಡವೆ ನಿಂಗೆ ಬೇಡ. ಇವತ್ತು ತಿನ್ಸಿದೀನಿ, ನಾನು ಬರೋವರ್ಗೂ ಸಾಕು,” ಎಂದೆ. “ನೀರು ಮಾತ್ರ. ಬೆಳಿಗ್ಗೆ, ಸಂಜೆ, ಈ ಬಾಟ್ಲಿಯಿಂದ ಎಲೆಗೆ ಹೊಡೀಬೇಕು. ತಟ್ಟೇಲಿಟ್ರೆ ಮುಟ್ಟಲ್ಲ, ಎಲೆ ಮೇಲಿನ ಹನಿ ಮಾತ್ರ ಕುಡಿಯೋದು. ಬೆಳಿಗ್ಗೆ ಬಲ್ಬು ಹಾಕ್ಬೇಕು, ಚಳಿ ಆಗ್ಬಾರ್ದು. ಅಷ್ಟೇ.”

“ಎಲೆ ಮೇಲಿನ ಹನಿ ಮಾತ್ರ,” ಎಂದು ಅಕ್ಕ ಭಕ್ತಿಯಿಂದ ಪುನರುಚ್ಚರಿಸಿದಳು. “ಎಂಥಾ ಮಡಿವಂತ!”

ಅಕ್ಕನ ನೆನಪಿನಶಕ್ತಿ ಬಹಳ ಗಟ್ಟಿ. ನಾನು ಹೇಳಿದ್ದರಲ್ಲಿ ಒಂದನ್ನೂ ಅವಳು ಮರೆಯಲಿಲ್ಲ. ತೊಂದರೆಯಾದದ್ದೇ ಅದರಿಂದ.

ಜಯನಗರದ ಆಸ್ಪತ್ರೆಯಲ್ಲಿ ಎರಡು ದಿನವೆಂದವರು, ಹೊಲಿಗೆ ಹಾಕಿದ ಮೇಲೆ ನನ್ನ ಸಕ್ಕರೆ ಏರಿದೆಯೆಂದು ಕಂಡುಹಿಡಿದು ಅಲ್ಲೇ ಇಟ್ಟುಕೊಂಡರು. ನಾಗರ ಪಂಚಮಿ ಬಂದದ್ದು ನನಗೆ ಗೊತ್ತಾದದ್ದು, ಬೆಳಿಗ್ಗೆ ಅಕ್ಕ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು, ಒಂದು ಕೈಯಲ್ಲಿ ಬೆಳ್ಳಿಬಟ್ಟಲು, ಇನ್ನೊಂದರಲ್ಲಿ ಹೂವಿನ ಪೊಟ್ಟಣ ಹಿಡಿದು ವಾರ್ಡಿನ ಬಾಗಿಲಲ್ಲಿ ಪ್ರತ್ಯಕ್ಷಳಾದಾಗ. ನಮ್ಮ ಕಡೆ ಆ ಹಬ್ಬದಲ್ಲಿ ಹುತ್ತಕ್ಕೋ ನಾಗರಕಲ್ಲಿಗೋ ಹಾಲಿನ ತನಿ ಎರೆದು ಬಂದು, ಅದೇ ಹಾಲಿನಲ್ಲಿ ಹೂ ಅದ್ದಿ ಅಕ್ಕತಂಗಿಯರು ಒಡಹುಟ್ಟಿದ ಗಂಡಸರ ಬೆನ್ನಿಗೆ ಸವರುತ್ತಾರೆ. ಎಲ್ಲವೂ ತಣ್ಣಗಿರಲಿ ಎಂಬುದೇ ಆ ಹಬ್ಬದ ಸಾರಾಂಶ. ಮನೆಯಲ್ಲಿ ಅಂದು ಬಾಣಲೆ ಇಡುವುದಿಲ್ಲ, ಕರಿಯುವುದಿಲ್ಲ.

“ತಿರುಗು,” ಎಂದಳು ಅಕ್ಕ.

“ಎಲ್ಲಿಗೆ ತಿರುಗ್ಲಿ? ಹೊಲಿಗೆ ಹಾಕಿದಾರೆ.”

“ಒಂಚೂರು ಬೆನ್ನು ಕೊಡು ಸಾಕು.”

ನರ್ಸ್ ಓಡಿ ಬಂದಳು. “ಅಮ್ಮಾ, ಏನ್ರೀ ಇದು? ಬೆಡ್ ಮೇಲೆ ಹಾಲು ಚೆಲ್ಬೇಡಿ!”

“ಚೆಲ್ತಿಲ್ಲ ಸಿಸ್ಟರ್, ಎರೀತಿದೀನಿ. ನಿಮ್ಗೂ ಅಣ್ಣ ತಮ್ಮ ಇಲ್ವಾ?”

ನರ್ಸಿಗೂ ಅಣ್ಣ ಇದ್ದನೆಂದು ಕಾಣುತ್ತದೆ; ದಾರಿ ಬಿಟ್ಟಳು. ಅಕ್ಕ ನನ್ನ ಅಂಗಿಯನ್ನು ಸರಿಸಿ ಹಾಲಿನ ಹೂವಿನಿಂದ ಬೆನ್ನು ಸವರಿದಳು. “ಬೆನ್ನು ತಣ್ಣಗಿರ್ಲಿ, ಹೊಟ್ಟೆ ತಣ್ಣಗಿರ್ಲಿ.” ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಬಹಳ ದಿನದ ಹೊರೆ ಇಳಿಸಿದವಳಂತೆ ನಿಟ್ಟುಸಿರು ಬಿಟ್ಟಳು. “ಮನೇಲೂ ಎಲ್ಲಾ ತಣ್ಣಗೆ ಮಾಡ್ಬಿಟ್ಟು ಬಂದೆ.”

“ಏನನ್ನ?”

“ಇನ್ನೇನನ್ನ? ನಿನ್ನ ಮಾತಿನ ಪ್ರಕಾರನೇ ಎಲ್ಲಾ ಮಾಡಿದೀನಿ. ನಿನ್ನೆ ಚೌತಿ. ನಂಗೂ ಉಪವಾಸ, ಅವನಿಗೂ ಉಪವಾಸ. ಒಂದು ತೊಟ್ಟು ನೀರು ಹಾಕ್ಲಿಲ್ಲ. ಆ ಬಲ್ಬು, ಪಾಪ, ಹಬ್ಬದ ದಿನ ಸುಡ್ತಿತ್ತಲ್ಲೋ ಅವನನ್ನ, ಆರಿಸ್ಬಿಟ್ಟೆ. ಇವತ್ತು ಬೆಳಿಗ್ಗೆ ಸ್ನಾನ ಮಾಡಿ, ಹಾಲಿಗೆ ಚಿಟಿಕೆ ಅರಿಶಿನ ಹಾಕಿ, ಬಾಟ್ಲಿಗೆ ತುಂಬಿದೆ.”

“ಯಾವ ಬಾಟ್ಲಿಗೆ?”

“ತಟ್ಟೇಲಿಟ್ರೆ ಮುಟ್ಟಲ್ಲ ಅಂತ ನೀನೇ ಹೇಳಿದ್ಯಲ್ಲ! ಅದೇ ಬಾಟ್ಲಿ. ಎಲೆಗೆಲ್ಲಾ ಹೊಡ್ದೆ. ಬಂದ ಕಣೋ. ಒಂದೊಂದೇ ಹನಿ, ಒಂದೊಂದೇ ಹನಿ, ಕಣ್ಮುಚ್ಕೊಂಡು ಕುಡಿದ.”

ಹಾವಿಗೆ ರೆಪ್ಪೆಯಿಲ್ಲ. ನನಗೆ ಮೊದಲು ತೋಚಿದ್ದು ಇದನ್ನು ತಿದ್ದಬೇಕೆಂದು. ಮೇಷ್ಟರ ಬುದ್ಧಿ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ವರ್ಷಾ ವರ್ಷಾ ಹುತ್ತಕ್ಕೆ ಸುರಿದು ಬರ್ತೀವಿ. ಅವನು ಕುಡಿದ್ನೋ, ಮಣ್ಣು ಕುಡೀತೋ, ಯಾರು ಕಂಡಿದಾರೆ? ನಾನು ಕಂಡೆ. ನಿಂಗಿನ್ನೇನೂ ಆಗಲ್ಲ ಬಿಡು.”

ಚೌತಿಯ ಬಾಯಾರಿಕೆಯಲ್ಲಿ ಆ ಪ್ರಾಣಿ ಏನನ್ನು ಹೊಡೆದಿದ್ದರೂ ಕುಡಿಯುತ್ತಿತ್ತು. ಸೀಮೆಎಣ್ಣೆ ಹೊಡೆದಿದ್ದರೂ ಕುಡಿಯುತ್ತಿತ್ತೇನೋ. ಹಾಲನ್ನು ಅರಗಿಸಿಕೊಳ್ಳುವ ಶಕ್ತಿ ಯಾವ ಹಾವಿಗೂ ಇಲ್ಲ. ಮೇಲೆ ಶ್ರಾವಣದ ಥಂಡಿ, ಬಲ್ಬು ಬೇರೆ ಇಲ್ಲ. ನಾನು ಹೊಲಿಗೆಯನ್ನು ಮರೆತು ಎದ್ದು ಕೂರಲು ಹೋಗಿ, ಹೊಲಿಗೆ ನೆನಪಿಸಿದ್ದರಿಂದ ಮತ್ತೆ ಮಲಗಿದೆ.

“ಅಕ್ಕ, ಈಗ್ಲೇ ಮನೆಗೆ ಹೋಗು. ಬಲ್ಬು ಹಾಕು. ಎಲೆ ಎಲ್ಲಾ ನೀರಲ್ಲಿ ಒರ್ಸು. ಬಾಟ್ಲಿ ತೊಳೆದು ನೀರು ಹೊಡಿ. ಹಾಲು ಅದಕ್ಕೆ ವಿಷ.”

“ಹಬ್ಬದ ದಿನ ವಿಷ ಅನ್ಬೇಡ್ವೋ. ನಾಳೆ ಷಷ್ಠಿ, ನಾಳೆ ವಿಸರ್ಜನೆ. ಅಲ್ಲೀವರ್ಗೂ ಕದಲಿಸೋ ಹಾಗಿಲ್ಲ. ಬಲ್ಬಿಲ್ಲ ಅಂತ ಯೋಚ್ನೆ ಮಾಡ್ಬೇಡ, ಮುಂದೆ ದೀಪ ಹಚ್ಚಿಟ್ಟಿದೀನಿ.”

ಅವಳು ಹೋದ ಮೇಲೆ ಶಿಷ್ಯನಿಗೆ ಫೋನು ಮಾಡಿದೆ. ಆಗಷ್ಟೇ ಮೈಸೂರಿನಿಂದ ಬಂದಿಳಿದಿದ್ದವನು ಬೈಕು ಹತ್ತಿ ನಮ್ಮ ಮನೆಗೆ ಓಡಿದ. ಮಧ್ಯಾಹ್ನ ಅವನ ಫೋನು ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದ.

“ಸಾರ್, ಅಕ್ಕಾವ್ರು ಒಳಗೆ ಬಿಡ್ತಿಲ್ಲ.”

“ಒಳಗೆ ನುಗ್ಗೋ.”

“ಹೆಂಗ್ ನುಗ್ಲಿ ಸಾರ್? ಬಾಗಿಲಲ್ಲಿ ರಂಗೋಲಿ ಹಾಕಿ, ರಂಗೋಲಿ ಮೇಲೆ ಕೂತಿದಾರೆ. ಅಕ್ಕಪಕ್ಕದ ಆಂಟಿಯರೆಲ್ಲಾ ಬಂದಿದಾರೆ, ತಟ್ಟೆ ಹಿಡ್ಕೊಂಡು ಲೈನು. ಒಬ್ಬೊಬ್ರೇ ಹೋಗಿ ಬಾಟ್ಲಿಯಲ್ಲಿ ಹೊಡೆದು ಬರ್ತಿದಾರೆ.”

“ಏನು ಹೊಡೀತಿದಾರೆ?”

“ಅವರವರ ಮನೆ ಹಾಲು ಸಾರ್.”

ಅಕ್ಕನಿಗೆ ಫೋನು ಕೊಡು ಎಂದೆ. ಅವಳು ಅತ್ತ ಕಡೆಯಿಂದ, “ಏನೋ ನಿನ್ನ ಶಿಷ್ಯ, ಶೂ ಹಾಕ್ಕೊಂಡೇ ಒಳಗೆ ಬರ್ತೀನಿ ಅಂತಾನೆ! ತಂಬಿಟ್ಟು ಕೊಟ್ಟಿದೀನಿ, ತಿಂದ್ಕೊಂಡು ಹೋಗ್ತಾನೆ ಬಿಡು,” ಎಂದು ಇಟ್ಟುಬಿಟ್ಟಳು. ಶಿಷ್ಯ ತಂಬಿಟ್ಟು ತಿಂದುಕೊಂಡು ಹೋದ. ಅವನನ್ನು ನಾನು ದೂರುವುದಿಲ್ಲ. ಹೆಂಗಸರ ವಿಷಯದಲ್ಲಿ ಅವನ ಧೈರ್ಯ ಎಷ್ಟೆಂಬುದು ಮದುವೆಗೆ ಮೊದಲೇ ತೀರ್ಮಾನವಾಗಿತ್ತು.

ಆಸ್ಪತ್ರೆಯವರು ನನ್ನನ್ನು ಬಿಟ್ಟ ದಿನ ವಿಸರ್ಜನೆ ಮುಗಿದಿತ್ತು. ಹಿಂದಿನ ಕೋಣೆಯ ಬಾಗಿಲು ತೆರೆದರೆ ಒಡೆದ ಹಾಲಿನ ವಾಸನೆ. ಗಾಜಿನ ಮೇಲೆ ಕುಂಕುಮದ ಬೊಟ್ಟುಗಳು. ಮನಿಪ್ಲಾಂಟಿನ ಎಲೆಗಳ ಮೇಲೆ ಹಳದಿ ಪೊರೆ ಒಣಗಿ ಸಿಪ್ಪೆ ಎದ್ದಿತ್ತು. ಹಾವು ಕೊಂಬೆಯ ಮೇಲಿರಲಿಲ್ಲ. ನೆಲದ ಮೇಲಿತ್ತು. ಬಾಯಿ ತುಸು ತೆರೆದುಕೊಂಡು, ತುಟಿಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತ, ತಲೆಯನ್ನು ಮೇಲಕ್ಕೆತ್ತಿ ಉಸಿರನ್ನು ಹುಡುಕುತ್ತಿತ್ತು.

ಹಕ್ಕಿ, ಆಮೆ, ಹಾವುಗಳನ್ನೂ ನೋಡುವ ಪ್ರಾಣಿವೈದ್ಯರೊಬ್ಬರನ್ನು ಶಿಷ್ಯ ಕರೆತಂದ. ಈ ಸಲ ಇಬ್ಬರೂ ಶೂ ಬಿಚ್ಚಿಯೇ ಬಂದರು. ವೈದ್ಯರು ಕಡ್ಡಿಯಿಂದ ಹಾವಿನ ಬಾಯಿ ಬಿಡಿಸಿ ನೋಡಿದರು.

“ಹಾಲು ಯಾರು ಕುಡಿಸಿದ್ದು?”

“ನಮ್ಮಕ್ಕ. ಆಮೇಲೆ ಬೀದಿಯವರು.”

“ಪ್ರತಿ ವರ್ಷ ಈ ಹೊತ್ತಿಗೆ ಬರ್ತವೆ ಸಾರ್, ಹಾಲು ಕುಡಿದವು. ಆದ್ರೆ ಬರೋದು ನಾಗರಹಾವು. ಆಫ್ರಿಕಾದ್ದು ಇದೇ ಮೊದ್ಲು.” ಶ್ವಾಸಕೋಶಕ್ಕೂ ಹೋಗಿದೆ, ಹೊಟ್ಟೆಯಲ್ಲೂ ಕೊಳೆತಿದೆ ಎಂದು ಒಂದು ಇಂಜೆಕ್ಷನ್ ಕೊಟ್ಟು, ಬೆಚ್ಚಗಿಡಿ, ನೀರು ಹೊಡೆಯುತ್ತಿರಿ ಎಂದರು.

ಬಾಟಲಿಯನ್ನು ಬಿಸಿನೀರಿನಲ್ಲಿ ಕುದಿಸಿ ತೊಳೆದೆ. ಎಲೆಗಳನ್ನು ಒಂದೊಂದಾಗಿ ಒರೆಸಿದೆ. ಬಲ್ಬು ಹಾಕಿ ಪೆಟ್ಟಿಗೆಯ ಮುಂದೆ ದಿಂಬು ಇಟ್ಟುಕೊಂಡು ಕೂತು, ಕೊಂಬೆ ಹತ್ತಲಾರದ ಹಾವಿಗಾಗಿ ಒಂದು ಎಲೆ ಕಿತ್ತು ನೆಲದ ಮೇಲಿಟ್ಟು ಅದರ ಮೇಲೆ ನೀರು ಹೊಡೆದೆ. ಹನಿಯತ್ತ ನೋಡಿತು. ಕುಡಿಯಲಿಲ್ಲ. ಆ ಬಾಟಲಿಯ ಮೇಲೆ ಅದಕ್ಕೂ ನಂಬಿಕೆ ಹೋಗಿರಬೇಕು. ಮಾರನೆಯ ಬೆಳಿಗ್ಗೆ ಅದರ ಹಸಿರು ಮಾಸಿ ನೀಲಿಗೆ ತಿರುಗಿತ್ತು.

ಅಕ್ಕ ಕಪ್ಪು ಕನ್ನಡಕ ಇಲ್ಲದೆಯೇ ಬಂದು ನೋಡಿ, ಗೋಡೆಗೆ ಒರಗಿ ನಿಂತಳು. “ನಿನ್ನ ಮೇಲೆ ಬಂದಿದ್ದನ್ನ ತಾನು ತಗೊಂಡ,” ಎಂದಳು.

“ಅದೇನೂ ತಗೊಳ್ಳಿಲ್ಲ. ನೀನು ಕೊಟ್ಟೆ. ಕೊಂದಿದ್ದು ನೀನು.”

“ಹಾಲು ಕುಡಿದು ಯಾರಾದ್ರೂ ಸಾಯ್ತಾರಾ?”

“ಅದು ಸತ್ತಿದೆ ನೋಡು.”

ಅಕ್ಕ ಹಾವನ್ನು ನೋಡಲಿಲ್ಲ. ನನ್ನನ್ನು ನೋಡಿದಳು. “ನೀನು ಬದುಕಿದೀಯಲ್ಲ,” ಎಂದಳು.

ಈ ಸಲ ದಾಸವಾಳದ ಬುಡ ಆಗಲಿಲ್ಲ. ಪುರೋಹಿತರು ಬಂದರು, ತುಪ್ಪ ಬಂತು, ಗಂಧದ ಚಕ್ಕೆ ಬಂತು. ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ ಚಿತೆ ಮಾಡಿದರು. ಸಂಕಲ್ಪದ ಹೊತ್ತಿಗೆ ಪುರೋಹಿತರು ತಡವರಿಸಿದರು. “ಗೋತ್ರ ಯಾವ್ದು ಹೇಳ್ಲಿ? ನಿಮ್ಮದೇ ಹೇಳ್ಬಿಡ್ಲಾ?” ಅಕ್ಕ ಹೇಳಿ ಎಂದಳು. ಹೀಗೆ ಶಾಸ್ತ್ರದ ಪ್ರಕಾರ ಆಫ್ರಿಕಾದ ಆ ಮರಹಾವು ನಮ್ಮ ಮನೆತನದ ಹೆಣ್ಣಾಗಿ ತೀರಿಕೊಂಡಿತು. ನನಗೆ ಸೂತಕ ಬಂತು. ಹೊಲಿಗೆ ಹಾಕಿದ್ದ ಹೊಟ್ಟೆ ಹಿಡಿದುಕೊಂಡು ನಾನೇ ಬೆಂಕಿ ಇಟ್ಟೆ. ಚಿತೆಯ ಹೊಗೆಯಲ್ಲಿ ಕಣ್ಣು ಉರಿಯಿತೆಂದು ಹೇಳಲು ಅನುಕೂಲವಾಯಿತು.

ಆಮೇಲಿನದು ಎಲ್ಲರಿಗೂ ಗೊತ್ತಿರುವಂಥದೇ. ಬೀದಿಯಲ್ಲಿ, ಬಂಧುಗಳಲ್ಲಿ, ಮದುವೆಮನೆಗಳಲ್ಲಿ ಅಕ್ಕ ನಾಗಪ್ಪ ಹಾಲು ಕುಡಿದದ್ದನ್ನು ಕಣ್ಣಾರೆ ಕಂಡವಳಾದಳು. ಮಕ್ಕಳಾಗದವರು, ಮದುವೆ ತಡವಾದವರು ಅವಳ ಹತ್ತಿರ ಬಂದು ಕೇಳಿ ಹೋಗುತ್ತಾರೆ. ಅವಳು ಹೇಳುವ ಕಥೆಯಲ್ಲಿ ಹಾವಿಗೆ ಹೆಡೆ ಬಂದಿದೆ, ಬಾಟಲಿ ಹೋಗಿ ಬೆಳ್ಳಿಯ ಉದ್ಧರಣೆ ಬಂದಿದೆ. ನಾನು ಕೂಡ ಆ ಕಥೆಯಲ್ಲಿದ್ದೇನೆ. ಛತ್ರದಲ್ಲಿ ಪಂಕ್ತಿಗೆ ಕೂತಿದ್ದರೆ ಗುರುತಿಲ್ಲದವರು ಬಂದು, “ನಾಗಪ್ಪ ಪ್ರಾಣ ಕೊಟ್ಟು ಉಳಿಸಿದ್ದು ಇವರನ್ನೇನಾ?” ಎಂದು ಪಕ್ಕದವರನ್ನು ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಷ್ಟಕ್ಕಾಗಿ ನಾಗಪ್ಪ ಪ್ರಾಣ ಕೊಡಬೇಕಾಗಿತ್ತೇ ಎಂಬ ಮುಖದಲ್ಲಿ ಹೋಗುತ್ತಾರೆ. ಆ ಒಂದು ವಿಷಯದಲ್ಲಿ ನನಗೂ ಅವರಿಗೂ ಭಿನ್ನಾಭಿಪ್ರಾಯವಿಲ್ಲ.

ಹಾವು ಬೆಂಗಳೂರಿನಲ್ಲಿ ಹುಟ್ಟಿತು, ಬೆಂಗಳೂರಿನಲ್ಲಿ ಸತ್ತಿತು. ಆಫ್ರಿಕಾವನ್ನು ಅದೂ ನನ್ನ ಹಾಗೆ ಕಾಣಲೇ ಇಲ್ಲ. ಗಾಜಿನ ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ಭೂಪಟಗಳು ಅಲ್ಲಿಂದ ಇಳಿದು ಬಂದವು. ಟ್ಯೂಬ್‌ಲೈಟಿನ ಹಿಂದಿನ ಹಲ್ಲಿಗಳು ಈಗ ನನ್ನನ್ನು ಕಂಡರೆ ಓಡುವುದಿಲ್ಲ.

ಮುಂದಿನ ವರ್ಷದ ಪಂಚಮಿಯ ಬೆಳಿಗ್ಗೆ ಅಕ್ಕ ಬೆಳ್ಳಿಬಟ್ಟಲಿನಲ್ಲಿ ಹಾಲು ತಂದಳು. ನಾನು ಜಗಲಿಯ ಮೇಲೆ ಪೇಪರು ಓದುತ್ತಿದ್ದೆ.

“ತಿರುಗು,” ಎಂದಳು.

“ಬೇಡ ಅಕ್ಕ.”

“ಬೆನ್ನು ಕೊಡೋ. ಬಿಸಿಲಾಗತ್ತೆ, ನಾನಿನ್ನೂ ಹೋಗ್ಬೇಕು.”

“ನಾನು ಕೊಡಲ್ಲ.”

ಅವಳು ಹಾಲಿನಲ್ಲಿ ಅದ್ದಿದ ಹೂವನ್ನು ಹಿಡಿದುಕೊಂಡೇ ನಿಂತಿದ್ದಳು. ಹೂವಿನಿಂದ ಹನಿ ತೊಟ್ಟಿಕ್ಕಿ ಮುಗಿಯಿತು. ಬಟ್ಟಲನ್ನು ಜಗಲಿಯ ಅಂಚಿನಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಬಸ್‌ಸ್ಟಾಪಿನ ಕಡೆ ನಡೆದಳು. ಬಟ್ಟಲು ಮರೆತೆ ಎಂದು ನಾನು ಕೂಗಲಿಲ್ಲ, ಅವಳು ಮರೆತಿರಲಿಲ್ಲ.

ಹಾಲನ್ನು ಪಕ್ಕದ ಮನೆಯ ಬೆಕ್ಕು ಕುಡಿಯಿತು. ಬೆಕ್ಕಿಗೆ ಏನೂ ಆಗಲಿಲ್ಲ.